ತಡವಾದ ಕಡಲೆ ಮಡಕೆ

"ಒಂಬತ್ತು, ಹತ್ತು, ಹನ್ನೊಂದು..."

ಅರ್ಗಿರೋ ದಾರಿಯ ಮೆಟ್ಟಿಲ ಮೇಲೆ ಕೂತು ಬೆಕ್ಕಿನ ಮರಿಯ ಮೀಸೆ ಎಣಿಸುತ್ತಿದ್ದಳು. ತೊಡೆಯ ಮೇಲೆ ಮಣ್ಣಿನ ಮಡಕೆ. ಮಡಕೆಯೊಳಗೆ ನಾಳೆ ಮಧ್ಯಾಹ್ನದ ಊಟ.

ಅವಳು ಈಗ ಕೂರಬಾರದಿತ್ತು, ಓಡಬೇಕಿತ್ತು. ಶನಿವಾರ ಸಂಜೆಯೆಂದರೆ ಸಿಫ್ನೋಸ್ ದ್ವೀಪದ ಆ ಊರಿನ ಮಡಕೆಗಳೆಲ್ಲ ಕೆಳಬೀದಿಯ ಸಿಮೋಸ್ ಮಾಮನ ಬೇಕರಿಗೆ ಬಂದು ಸೇರುತ್ತವೆ. ನೆನೆಸಿದ ಬಿಳಿ ಕಡಲೆ, ಈರುಳ್ಳಿ, ಆಲಿವ್ ಎಣ್ಣೆ, ಎರಡು ಪಲಾವ್ ಎಲೆ, ಮೇಲೆ ಮಳೆನೀರು. ಎಲ್ಲರ ಮಡಕೆಯಲ್ಲೂ ಅದೇ. ಮಾಮ ಅವನ್ನೆಲ್ಲ ಸೌದೆಯ ಭಟ್ಟಿಯೊಳಗೆ ತಳ್ಳುತ್ತಾನೆ. ಚರ್ಚಿನ ಗಡಿಯಾರ ಆರು ಹೊಡೆಯಿತೋ, ಭಟ್ಟಿಯ ಬಾಯಿಗೆ ಬಾಗಿಲಿಟ್ಟು ಸುತ್ತ ಮಣ್ಣು ಮೆತ್ತಿಬಿಡುತ್ತಾನೆ. ಆಮೇಲೆ ಮೇಯರ್ ಬಂದು ನಿಂತರೂ ತೆಗೆಯುವವನಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೇ ಅದು ತೆರೆಯುವುದು.

ಅರ್ಗಿರೋಗೂ ಅದೇ ಬೇಕಾಗಿತ್ತು. ಮುಚ್ಚಿಹೋಗಲಿ ಬಾಗಿಲು.

ಇದಕ್ಕೆಲ್ಲ ಕಾರಣ ಅವಳ ಬಾಯಿಯೇ. ಅಥೆನ್ಸಿನಿಂದ ನೆಫೇಲಿ ಎಂಬ ಹುಡುಗಿ ಹೊಸದಾಗಿ ಅವಳ ಕ್ಲಾಸಿಗೆ ಸೇರಿದ್ದಳು. ನೆಫೇಲಿಯ ಅಮ್ಮನಿಗೆ ಬಂದರಿನ ಆಫೀಸಿನಲ್ಲಿ ಕೆಲಸ. ಅವಳ ಬ್ಯಾಗಿನಲ್ಲಿ ದಿನಾ ಬಣ್ಣಬಣ್ಣದ ಪ್ಯಾಕೆಟ್ಟುಗಳು. ಕಿತ್ತರೆ ಚರಚರ ಸದ್ದು. ಅರ್ಗಿರೋಳ ಡಬ್ಬಿಯಲ್ಲೋ ದಪ್ಪ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಟೊಮೆಟೊ. ಸದ್ದೇ ಇಲ್ಲ.

"ನಮ್ಮನೇಲಿ ಭಾನುವಾರ ಚಿಕನ್ ನಗೆಟ್ಸ್. ನಿಮ್ಮನೇಲಿ?" ಎಂದು ನೆಫೇಲಿ ಕೇಳಿದಾಗ ಅರ್ಗಿರೋ ಹಿಂದೆಮುಂದೆ ನೋಡದೆ ಹೇಳಿಬಿಟ್ಟಿದ್ದಳು. "ನಮ್ಮನೇಲೂ ಅದೇ. ಬಾ ಬೇಕಾದ್ರೆ."

"ಬರ್ತೀನಿ. ಈ ಭಾನುವಾರ ಅಮ್ಮಂಗೆ ಡ್ಯೂಟಿ ಇದೆ" ಅಂದಳು ನೆಫೇಲಿ.

ಸಿಕ್ಕಿಬಿದ್ದಳು ಅರ್ಗಿರೋ. ಫ್ರೀಜರಿನಲ್ಲಿ ಒಂದು ನಗೆಟ್ಸ್ ಪ್ಯಾಕೆಟ್ ಇತ್ತು ನಿಜ. ಬೇಸಿಗೆಯಲ್ಲಿ ಚಿಕ್ಕಪ್ಪ ಬಿಟ್ಟುಹೋಗಿದ್ದು. ಅದನ್ನು ಮಾಡು ಎಂದು ಅಮ್ಮನ ಹಿಂದೆ ಮೂರು ದಿನ ಸುತ್ತಿದಳು.

"ಭಾನುವಾರ ಕಡಲೆ ಬಿಟ್ಟು ಇನ್ನೇನು ಮಾಡ್ತಾರೆ?" ಅಂದಳು ಅಮ್ಮ.

"ಅದು ಕೋಳಿನೇನೇ? ಕೋಳಿಗೆ ಮೂಳೆ ಇರುತ್ತೆ. ಇದು ರಟ್ಟು" ಅಂದಳು ಅಜ್ಜಿ.

ಢಣ್ ಢಣ್ ಎಂದು ಆರು ಹೊಡೆಯಿತು. ಅರ್ಗಿರೋ ಬೆಕ್ಕಿನ ಮರಿಯನ್ನು ಬಿಟ್ಟು ಬೇಕರಿಯ ಕಡೆ ಓಡಿದಳು. ಈಗ ಓಡಿದರೆ ತಪ್ಪಿಲ್ಲ. ಏದುಸಿರೂ ಬರಬೇಕಲ್ಲ.

ಸಿಮೋಸ್ ಮಾಮನ ಮೊಣಕೈವರೆಗೂ ಮಣ್ಣು. "ಏನಮ್ಮ ರಾಣಿ, ಈಗ ಬಂದ್ಯಾ? ನಿಮ್ಮಜ್ಜಿ ಮಡಕೆಗೇಂತ ಮುಂದೆ ಜಾಗ ಬಿಟ್ಕೊಂಡು ಕಾದೆ, ಕಾದೆ, ಕಾದು ಸಾಕಾಯ್ತು."

"ಸ್ವಲ್ಪ ತಡ ಆಯ್ತು ಮಾಮ."

"ನಮ್ಮಪ್ಪನ ಕಾಲದಿಂದ ಅವರ ಮಡಕೆ ಒಂದು ದಿನ ತಡ ಆಗಿಲ್ಲ. ಹುಷಾರಾಗಿದಾರೆ ತಾನೆ ಅಜ್ಜಿ?"

ಅರ್ಗಿರೋ ಹೂಂ ಎಂದು ಅಲ್ಲಿಂದ ಜಾಗ ಖಾಲಿ ಮಾಡಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ಉತ್ತರಗಳನ್ನು ಜೋಡಿಸಿಕೊಂಡಳು. ಎಲ್ಲಿ ನಿಂತಿದ್ದೆ ಅಂದರೆ ಹೀಗೆ, ಯಾರ ಜೊತೆ ಹರಟುತ್ತಿದ್ದೆ ಅಂದರೆ ಹಾಗೆ.

"ಮುಚ್ಚಿಬಿಟ್ಟಿದ್ರು" ಎಂದು ಮಡಕೆಯನ್ನು ಮೇಜಿನ ಮೇಲಿಟ್ಟಳು.

ಅಮ್ಮ ಹುಬ್ಬು ಗಂಟಿಕ್ಕಿದಳು. "ಅದು ಹೇಗೆ? ಟೈಮಿಗೆ ಸರಿಯಾಗಿ ಹೊರಟ್ಯಲ್ಲ?"

"ಅವಳನ್ಯಾಕೆ ಕೇಳ್ತೀಯ? ತಡ ನಂದೇ" ಅಂದಳು ಅಜ್ಜಿ. "ಮುಚ್ಚಳಕ್ಕೆ ಹಿಟ್ಟು ಮೆತ್ತೋಕೆ ಇವತ್ತು ಕೈಯೇ ಓಡ್ಲಿಲ್ಲ. ಒಂದ್ಸಲ ಕಿತ್ತು ಮತ್ತೆ ಮೆತ್ತಿದೆ. ಹೊತ್ತು ಹೋಗಿದ್ದು ಗೊತ್ತಾಗ್ಲಿಲ್ಲ ನೋಡು."

ಅಜ್ಜಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

ಅರ್ಗಿರೋ ಜೋಡಿಸಿಟ್ಟ ಉತ್ತರಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ.

"ಬಿಡಿ ಅತ್ತೆ. ಇದನ್ನ ಫ್ರಿಜ್ಜಲ್ಲಿಟ್ಟು ಸೋಮವಾರ ಗ್ಯಾಸ್ ಮೇಲೆ ಬೇಯಿಸಿದ್ರಾಯ್ತು. ನಾಳೆಗೆ ಆ ಪ್ಯಾಕೆಟ್ಟೇ ಆಗಲಿ" ಅಂದಳು ಅಮ್ಮ.

ಅಂದುಕೊಂಡದ್ದು ಅಂದುಕೊಂಡ ಹಾಗೇ ಆಯಿತು. ಆದರೂ ಅರ್ಗಿರೋಗೆ ಕುಣಿಯಬೇಕು ಅನ್ನಿಸಲಿಲ್ಲ.

ಬೆಳಗ್ಗೆ ಅಜ್ಜಿಯ ಕಣ್ಣುಗಳು ಕೆಂಪಗಿದ್ದವು. ಯಾಕೋ ನಿದ್ದೆ ಹತ್ತಲಿಲ್ಲ ಅಂದಳು. ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಹೊರಬಂದರೆ ಬೀದಿಯ ತುಂಬ ಬೆಂದ ಕಡಲೆಯ ಘಮಘಮ. ಊರವರೆಲ್ಲ ಬಿಸಿ ಮಡಕೆಗಳನ್ನು ಬಟ್ಟೆಯಲ್ಲಿ ಸುತ್ತಿ ಹೊತ್ತು ಸಾಗುತ್ತಿದ್ದರು. ಎದುರಿಗೆ ಸಿಕ್ಕವರೆಲ್ಲ ಅಜ್ಜಿಯ ಖಾಲಿ ಕೈ ನೋಡಿದವರೇ.

"ನಿಮ್ದೆಲ್ಲಿ ಫ್ರಾಂಜೆಸ್ಕಮ್ಮ?"

"ನಾನೇ ತಡ ಮಾಡ್ದೆ."

ಹೀಗೆ ಏಳು ಸಲ. ಅರ್ಗಿರೋ ಎಣಿಸಿದಳು. ಪಕ್ಕದ ಮನೆಯ ಕಲ್ಲಿಯೋಪಿ ಅತ್ತೆಯಂತೂ ಅಜ್ಜಿಯ ಬೆನ್ನು ಸವರಿ, "ವಯಸ್ಸಾಯ್ತಲ್ಲ, ಆಗುತ್ತೆ ಬಿಡಿ" ಅಂದಳು. ಪಾಪ, ಸಮಾಧಾನಕ್ಕೇ ಅಂದದ್ದು. ಅಜ್ಜಿ ತಲೆಯಾಡಿಸಿದಳು. ಮನೆಯ ಕಡೆ ಬೇಗಬೇಗ ಹೆಜ್ಜೆ ಹಾಕಿದಳು.

ಮಧ್ಯಾಹ್ನ ನೆಫೇಲಿ ಬಂದಳು. ಅಮ್ಮ ನಗೆಟ್ಸ್ ಕರಿದು ಕೆಚಪ್ ಜೊತೆ ಇಟ್ಟಳು. ನೆಫೇಲಿ ನಾಲ್ಕು ತಿಂದಳು. ಚೆನ್ನಾಗಿಲ್ಲ ಅನ್ನಲಿಲ್ಲ, ಆಹಾ ಅಂತಲೂ ಅನ್ನಲಿಲ್ಲ. ದಿನಾ ತಿನ್ನುವುದನ್ನು ಎಲ್ಲರೂ ಹಾಗೇ ತಾನೆ ತಿನ್ನುವುದು. ಅಜ್ಜಿ ಒಂದನ್ನು ಫೋರ್ಕಿನಿಂದ ಚುಚ್ಚಿ ನೋಡಿ ಪಕ್ಕಕ್ಕೆ ಸರಿಸಿದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕಲ್ಲಿಯೋಪಿ ಅತ್ತೆ ಒಂದು ಬಟ್ಟಲು ಕಡಲೆ ತಂದಿದ್ದಳು. ಅವಳ ಹಿಂದೆಯೇ ಎದುರುಮನೆಯವರದೊಂದು ಬಟ್ಟಲು. ಆಮೇಲೆ ಮೇಲಿನ ಬೀದಿಯಿಂದ ಇನ್ನೊಂದು. ಒಂದು ಮನೆಯ ಮಡಕೆ ಭಟ್ಟಿಗೆ ಹೋಗಿಲ್ಲವೆಂದರೆ ಆ ಊರಲ್ಲಿ ಯಾರೂ ಸುಮ್ಮನೆ ಉಣ್ಣುವುದಿಲ್ಲ. ನೋಡನೋಡುತ್ತ ಮೇಜಿನ ಮೇಲೆ ಐದು ಬಟ್ಟಲುಗಳಾದವು.

"ಓ, ಬೀದಿ ಪೂರ್ತಿ ಘಮ್ ಅಂತಿದ್ದದ್ದು ಇದೇನಾ?" ನೆಫೇಲಿ ಒಂದು ಚಮಚ ಬಾಯಿಗಿಟ್ಟಳು. ಇನ್ನೊಂದು. ಆಮೇಲೆ ಬ್ರೆಡ್ ಮುರಿದು ಬಟ್ಟಲಿನ ತಳ ಒರೆಸಿದಳು. "ಅಜ್ಜಿ, ಇದರಲ್ಲಿ ನಿಂಬೆಹಣ್ಣಿದೆ. ಅದರಲ್ಲಿ ಇಲ್ಲ. ನಿಮಗೆ ಯಾವುದು ಇಷ್ಟ?"

ಬೇರೆ ದಿನವಾಗಿದ್ದರೆ ಅಜ್ಜಿ ಒಂದೊಂದು ಬಟ್ಟಲಿಗೂ ಒಂದೊಂದು ಕೊಂಕು ತೆಗೆಯುತ್ತಿದ್ದಳು. ಇವಳ ಈರುಳ್ಳಿ ಸಾಲದು, ಅವಳ ನೀರು ಹೆಚ್ಚು. ಇವತ್ತು, "ಎಲ್ಲಾ ಚೆನ್ನಾಗಿದೆ ಮಗಳೇ" ಅಂದಳು. ಮತ್ತೆ ಅಮ್ಮನ ಕಡೆ ತಿರುಗಿದಳು.

"ಮುಂದಿನ ವಾರದಿಂದ ಮಡಕೆ ನೀನೇ ತುಂಬಮ್ಮ. ನನ್ನ ಕೈಯನ್ನ ಇನ್ನು ನಂಬೋ ಹಾಗಿಲ್ಲ."

ಅರ್ಗಿರೋ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. ನೆಫೇಲಿ ಪಕ್ಕದಲ್ಲೇ ಇದ್ದಳು. ಹೇಳಿದರೆ ಸೋಮವಾರ ಕ್ಲಾಸಿಗೆಲ್ಲ ಗೊತ್ತಾಗುತ್ತದೆ. ಗೊತ್ತಾದರೆ ಗೊತ್ತಾಗಲಿ.

"ಅಜ್ಜಿ, ನೀನು ತಡ ಮಾಡ್ಲಿಲ್ಲ."

"ಏನೇ ಅದು?"

"ನಾನು ಬೇಕೂಂತ್ಲೇ ಮೆಟ್ಟಿಲ ಮೇಲೆ ಕೂತಿದ್ದೆ. ಆರು ಹೊಡೆಯೋವರೆಗೂ. ನಮ್ಮನೇಲಿ ಭಾನುವಾರ ನಗೆಟ್ಸ್ ಮಾಡಲ್ಲ, ನೆಫೇಲಿಗೆ ಸುಳ್ಳು ಹೇಳಿದ್ದೆ. ಅದಕ್ಕೇ."

ಅಮ್ಮನ ಮುಖ ಕೆಂಪಾಯಿತು. ನೆಫೇಲಿ ಬಟ್ಟಲನ್ನೂ ಅರ್ಗಿರೋಳನ್ನೂ ಬದಲಿಸಿ ಬದಲಿಸಿ ನೋಡಿ, "ಪ್ರತಿ ಭಾನುವಾರ ಇದನ್ನ ತಿಂತೀಯಾ? ಮತ್ತೆ ಯಾಕೆ ಸುಳ್ಳು ಹೇಳಿದ್ದು?" ಎಂದು ಕೇಳಿದಳು.

ಬೈಯಲು ಬಾಯಿ ತೆರೆದ ಅಮ್ಮನನ್ನು ಅಜ್ಜಿ ಕೈಯೆತ್ತಿ ತಡೆದಳು. ಮೊಮ್ಮಗಳ ಕಡೆ ಬಾಗಿದಳು.

"ನಾನು ಮಡಕೆ ಕೊಟ್ಟಾಗ ಎಷ್ಟು ಗಂಟೆ? ಸರಿಯಾಗಿ ಹೇಳು."

"ಐದೂ ಇಪ್ಪತ್ತು. ಚರ್ಚ್ ಗಡಿಯಾರ ನೋಡಿದ್ದೆ."

"ಐದೂ ಇಪ್ಪತ್ತು" ಎಂದು ಅಜ್ಜಿ ತನಗೇ ಹೇಳಿಕೊಂಡಳು. ಉಸಿರು ಬಿಟ್ಟು ನೆಟ್ಟಗೆ ಕೂತಳು. ಕಲ್ಲಿಯೋಪಿ ಅತ್ತೆಯ ಬಟ್ಟಲನ್ನು ಹತ್ತಿರಕ್ಕೆಳೆದು ಒಂದು ಚಮಚ ತಿಂದು ಮೂಗು ಮುರಿದಳು.

"ಎಣ್ಣೆ ಹಾಕೋಕೆ ಕಲ್ಲಿಯೋಪಿಗೆ ಏನು ರೋಗ?"

ಸಿಟ್ಟಿನಲ್ಲಿದ್ದ ಅಮ್ಮನಿಗೂ ನಗು ತಡೆಯಲಾಗಲಿಲ್ಲ.

ಅರ್ಗಿರೋ ಬೈಗುಳಕ್ಕೆ ಕಾದಳು. ಅಮ್ಮನದು ನೆಫೇಲಿ ಹೋದ ಮೇಲೆ ಇದ್ದೇ ಇತ್ತು. ಅಜ್ಜಿಯದು ಬರಲೇ ಇಲ್ಲ. ಅಜ್ಜಿ ನೆಫೇಲಿಗೆ ಕಡಲೆ ನೆನೆಸುವುದು ಹೇಗೆಂದು ಹೇಳುತ್ತಿದ್ದಳು, ಕೈಯಾಡಿಸುತ್ತ, ಗಟ್ಟಿ ದನಿಯಲ್ಲಿ. ಅವಳ ಮುಖದ ಖುಷಿಯನ್ನು ನೋಡಲು ಅರ್ಗಿರೋಗೆ ಆಗಲಿಲ್ಲ. ಬೈದಿದ್ದರೆ ಅತ್ತು ಮುಗಿಸಬಹುದಿತ್ತು.

ಎದ್ದು ಹೋಗಿ ಅಜ್ಜಿಯ ಪಕ್ಕಕ್ಕೆ ಒತ್ತಿಕೊಂಡು ಕೂತಳು. ನಿನ್ನೆ ಸಂಜೆಯೇ ಈ ಒಂದು ಮಾತು ಹೇಳಿದ್ದರೆ ಅಜ್ಜಿ ರಾತ್ರಿ ನಿದ್ದೆ ಮಾಡುತ್ತಿದ್ದಳು.