ಕಣ್ಣು ಬರೆಯದ ಮೀನು

ಅವತ್ತು ನನ್ನ ಉಗುರು ಒದ್ದೆ ಇರದಿದ್ದರೆ ನಾನಿವತ್ತು ಹೀಗೆ ಕೂತು ಕೊರಗಬೇಕಿರಲಿಲ್ಲ. ಹಾಳು ಉಗುರು.

ಅಣ್ಣನದು ಗಾಳ, ದಾರ, ಕೋಲು ಮಾರುವ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಹುಡುಗನೂ ನಾನೂ ಹಿಂದಿನ ಕೋಣೆಯಲ್ಲಿ ಕೂತು ನಿಜವಾದ ಮೀನಿಗೆ ಮೋಸ ಮಾಡುವ ಮರದ ಮೀನು ಮಾಡುತ್ತಿದ್ದೆವು. ಅವನು ಹಳೆಯ ಪೊರಕೆ ಹಿಡಿಗಳನ್ನು ಕತ್ತರಿಸಿ ಕೆತ್ತುವವನು. ಮಾತು ಕಮ್ಮಿ, ನೋಟ ಚೂಪು. ಅದಕ್ಕೇ ನಾನಿಟ್ಟ ಹೆಸರು ಉಳಿ. ನಾನು ನೇಲ್ ಪಾಲಿಶ್‌ನಿಂದ ಅವಕ್ಕೆ ಬಣ್ಣ ಬಳಿಯುವವಳು.

ಮೀನಿನ ಹೊಟ್ಟೆ ಕೊರೆದು, ಸೀಸದ ತುಂಡು ಇಟ್ಟು, ಮೇಣ ಮೆತ್ತಿ ಅವನು ಕೊಡುತ್ತಿದ್ದ. ನಾನು ಟಬ್ಬಿನ ನೀರಲ್ಲಿ ಎಳೆದು ನೋಡುತ್ತಿದ್ದೆ. ನೆಟ್ಟಗೆ ಈಜಿದರೆ ಕಣ್ಣು ಬರೆಯುವುದು. ವಾಲಿದರೆ ಮೇಣ ಕೆರೆದು, ಒಳಗೇನು ಹೆಚ್ಚುಕಮ್ಮಿ ಆಗಿದೆಯೆಂದು ನೋಡಿ, ಮತ್ತೆ ಮುಚ್ಚಿ ಬಿಸ್ಕತ್ ಡಬ್ಬಿಗೆ ಹಾಕುವುದು. ಬಿಚ್ಚಿ ನೋಡದೆ ನಾನು ಯಾವುದನ್ನೂ ಡಬ್ಬಿಗೆ ಹಾಕಿದವಳಲ್ಲ. ಡಬ್ಬಿಗೆ ಬಿದ್ದ ಮೀನಿನ ಸುದ್ದಿ ಅವನು ಎತ್ತಿದವನಲ್ಲ.

ಒಂದು ಮಧ್ಯಾಹ್ನ ಬ್ರಷ್ಷಿನಲ್ಲಿ ಉಳಿದ ಕೆಂಪನ್ನು ಅವನ ಹೆಬ್ಬೆರಳಿನ ಉಗುರಿಗೆ ಹಚ್ಚಿಬಿಟ್ಟೆ. ಅವನು ಕೈ ಎಳೆದುಕೊಳ್ಳಲಿಲ್ಲ. ನಾನು ನೋಡುವಾಗ ಮರ ನೋಡಿದ, ನಾನು ಕಣ್ಣು ತಿರುಗಿಸಿದಾಗ ನನ್ನನ್ನು ನೋಡಿದ. ಕಿವಿ ಮಾತ್ರ ಉಗುರಿಗಿಂತ ಕೆಂಪಾಗಿತ್ತು.

"ಈಗ ನೀವೂ ಮಾರಾಟಕ್ಕೆ ರೆಡಿ," ಎಂದೆ.

"ಇನ್ನೂ ನೀರಿಗೆ ಬಿಟ್ಟು ನೋಡಿಲ್ವಲ್ಲ?"

ಆಮೇಲೆ ಗಂಟು ಪರೀಕ್ಷೆ ಎಂದು ನೆಪ ಹೇಳಿ ನನ್ನ ಬೆರಳಿಗೆ ಗಾಳದ ದಾರ ಸುತ್ತಿ, ಕತ್ತರಿಸಿ, ತುಂಡನ್ನು ಜೇಬಿಗೆ ಹಾಕಿಕೊಂಡ. ನಾನು ಪೆದ್ದಿ, ಗಂಟಿನ ಬಗ್ಗೆಯೇ ಯೋಚಿಸಿದೆ.

ಎರಡು ವಾರದ ಮೇಲೆ, ಜೀವನದಲ್ಲಿ ಮೊದಲ ಸಲ, ನನ್ನ ಉಗುರಿಗೇ ಬಣ್ಣ ಹಚ್ಚಿಕೊಂಡೆ. ಅವನು ನೋಡಲಿ ಅಂತ. ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಅವನು ಒಂದೇ ಒಂದು ಮೀನನ್ನು ಟಬ್ಬಿನ ಪಕ್ಕ ಇಟ್ಟು, ಅಂಗಡಿ ಕಡೆ ಹೋದ. ಮೀನಿನ ದಾರವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಎಳೆದೆ. ಕುಡಿದವನ ಹಾಗೆ ವಾಲಿತು. ಮೇಣ ಕೆರೆದರೆ ಉಗುರಿನ ಬಣ್ಣ ಹೋಗುತ್ತದೆ. ಹಾಗೇ ಡಬ್ಬಿಗೆ ಹಾಕಿದೆ.

ವಾಪಸ್ ಬಂದವನು ಟಬ್ ನೋಡಿದ, ಡಬ್ಬಿ ನೋಡಿದ. ನನ್ನ ಉಗುರು ನೋಡಲೇ ಇಲ್ಲ. ವಾರ ಕಳೆಯುವುದರೊಳಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತೆಂದು ಅಣ್ಣನಿಗೆ ಹೇಳಿ ಹೊರಟುಬಿಟ್ಟ. ನನಗೂ ಜಂಬ, ಯಾಕೆಂದು ಕೇಳಲಿಲ್ಲ. ಐದು ತಿಂಗಳಿಗೆ ಅವನ ಮದುವೆಯ ಕಾರ್ಡ್ ಬಂತು. ಅಣ್ಣ ಅತ್ತಿಗೆ ಹೋಗಿಬಂದರು. ನಾನು ತಲೆನೋವೆಂದು ಮಲಗಿದ್ದೆ.

ಮೊನ್ನೆ ಸೀಸ ಮುಗಿಯಿತೆಂದು ಡಬ್ಬಿಯ ಮೀನುಗಳ ಹೊಟ್ಟೆ ಬಿಚ್ಚುತ್ತಿದ್ದೆ. ಒಂದರಿಂದ ಬೆಳ್ಳಿಯ ಉಂಗುರ ಬಿತ್ತು. ಅವತ್ತು ಅವನು ಜೇಬಿಗೆ ಹಾಕಿಕೊಂಡ ದಾರದ ತುಂಡು ನೆನಪಾಯಿತು. ಅವನು ನನ್ನನ್ನು ಹೀಗೆ ಕೇಳಿದ್ದ. ನಾನು ನೋಡಿ, ಬೇಡವೆಂದು ಮುಚ್ಚಿ ಎಸೆದೆನೆಂದು ಅವನು ತಿಳಿದಿದ್ದ.

ಇವತ್ತು ಬೆಳಿಗ್ಗೆ ಅವನು, ಇಲ್ಲೇ ಬಿಟ್ಟುಹೋಗಿದ್ದ ಸಾಮಾನು ಒಯ್ಯಲು ಬಂದ. ಹೆಂಡತಿ ಹೊರಗೆ ಅತ್ತಿಗೆಯ ಜೊತೆ ಮಾತಾಡುತ್ತಿದ್ದಳು. ನಗು ಒಳಗೂ ಕೇಳುತ್ತಿತ್ತು. ಅವನು ಬರುತ್ತಾನೆಂದು ಅಣ್ಣ ನಿನ್ನೆಯೇ ಹೇಳಿದ್ದ. ಉಂಗುರದ ಸುದ್ದಿ ಹೇಳಬಾರದೆಂದು ರಾತ್ರಿಯೆಲ್ಲ ನಿಶ್ಚಯ ಮಾಡಿದ್ದೆ. ಅವನ ಕಿವಿ ಕೆಂಪಾಗಿದ್ದು ನೋಡಿ ತಡೆಯಲಾಗಲಿಲ್ಲ.

"ಅವತ್ತು ನಾನು ಅದನ್ನ ಬಿಚ್ಚಿ ನೋಡಿರಲಿಲ್ಲ."

ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ಕೈ ನಿಂತಿತು. ಯಾಕೆ ಎಂದ.

"ಉಗುರು ಒದ್ದೆ ಇತ್ತು. ನಿಮಗೆ ತೋರಿಸೋಣ ಅಂತ ಹಚ್ಚಿಕೊಂಡಿದ್ದೆ."

ಅವನು ಗೋಡೆಯ ಕಡೆ ತಿರುಗಿ ನಿಂತ. ಹೊರಗಿನಿಂದ ಹೆಂಡತಿ, ಹೊತ್ತಾಯ್ತು ಬನ್ನಿ ಎಂದು ಕರೆದಳು.

"ಹಾಕ್ಕೊಂಡು ನೋಡಿದ್ರಾ?" ಎಂದು ತಿರುಗದೆಯೇ ಕೇಳಿದ.

"ಸಡಿಲ ಆಯ್ತು. ಅಳತೆ ತಪ್ಪಿತ್ತು ಬಿಡಿ."

ಅವನು ತಲೆಯಾಡಿಸಿದ. ನನ್ನ ಮಾತು ನಂಬಿದನೋ, ನಂಬಿದ ಹಾಗೆ ಮಾಡಿದನೋ. ಗಂಟು ಎತ್ತಿಕೊಂಡು ಹೊರಟುಹೋದ.

ಉಂಗುರ ಅಳತೆಗೆ ಸರಿಯಾಗಿತ್ತು. ಮೊನ್ನೆ ಹಾಕಿಕೊಂಡದ್ದನ್ನು ಅವನು ಬರುವ ಸ್ವಲ್ಪ ಮುಂಚೆಯಷ್ಟೇ ಸೋಪು ಹಚ್ಚಿ ತೆಗೆದಿದ್ದೆ. ಈಗ ಅದನ್ನು ಅದೇ ಮೀನಿನ ಹೊಟ್ಟೆಗೆ ಇಟ್ಟು, ಮೇಣ ಮೆತ್ತಿ, ಟಬ್ಬಿಗೆ ಬಿಟ್ಟೆ. ಹಾಗೇ ವಾಲಿತು. ಹೊರಗೆ ತೆಗೆದು, ಒರೆಸಿ, ಅದಕ್ಕೆ ಕಣ್ಣು ಬರೆದೆ.