ಮಾಚೇನಹಳ್ಳಿಯಲ್ಲಿ ತಡವಾದ ರೀಲು

“ಈ ‘ಮೂರನೇ ಸಾಲು’ ಅಂಕಣ ಬರೆಯೋ ಯಜಮಾನ್ರು ಎಲ್ಲಿ ಕೂತ್ಕೋತಾರೆ?”

ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಆ ಪತ್ರಿಕಾ ಕಚೇರಿಯ ಬಾಗಿಲಲ್ಲಿ ನಿಂತಿದ್ದವನ ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದು ಕೈಯಲ್ಲಿ ಮಡಿಚಿದ ಭಾನುವಾರದ ಪುರವಣಿ.

ಮೇಜಿನ ಹಿಂದಿದ್ದ ಮೈತ್ರಿ ತಲೆಯೆತ್ತಿದಳು.

“ಇಲ್ಲೇ ಕೂತ್ಕೋತಾರೆ. ನಾನೇ ಆ ಯಜಮಾನ್ರು. ಹೇಳಿ.”

ಅವನು ತೆರೆದ ಬಾಯಿ ಮುಚ್ಚಲಿಲ್ಲ. ಗೋಡೆಗೆ ಒರಗಿಸಿದ್ದ ನೀಲಿ ಛತ್ರಿಯನ್ನೊಮ್ಮೆ ನೋಡಿದ, ಅವಳ ಮುಖವನ್ನೊಮ್ಮೆ ನೋಡಿದ.

‘ಅಯ್ಯೋ ದೇವರೇ... ಇವರೇನಾ ಅವರು?’

ಪಾಪ, ಅವನೊಬ್ಬನೇ ಅಲ್ಲ, ಊರಲ್ಲಿ ಅರ್ಧ ಜನ ಹಾಗೇ ಅಂದುಕೊಂಡಿದ್ದರು. ಅಷ್ಟು ಖಾರವಾಗಿ ಸಿನಿಮಾ ವಿಮರ್ಶೆ ಬರೆಯುವುದು ಯಾರೋ ಹೊಟ್ಟೆನೋವಿನ ನಿವೃತ್ತ ಮೇಷ್ಟ್ರೇ ಇರಬೇಕು ಅಂತ. “ತಾಯಿ ಅಳುವ ಮೊದಲೇ ಪಿಟೀಲು ಅತ್ತು ಮುಗಿಸುತ್ತದೆ” ಎಂದು ಒಂದು ಸಾಂಸಾರಿಕ ಚಿತ್ರದ ಬಗ್ಗೆ ಬರೆದವಳು ವಿದ್ಯಾನಗರದ ಇಪ್ಪತ್ತೈದರ ಈ ಹುಡುಗಿ. ಆನೆಗಳ ಸಾಕ್ಷ್ಯಚಿತ್ರವೊಂದಕ್ಕೆ “ಆನೆಗಿಂತ ನಿರೂಪಕರೇ ಹೆಚ್ಚು ಹೊತ್ತು ಕಾಣಿಸುತ್ತಾರೆ” ಎಂದು ಒಂದೇ ಸಾಲಿನಲ್ಲಿ ಮಂಗಳಾರತಿ ಎತ್ತಿದವಳೂ ಇವಳೇ.

“ಏನಾಗ್ಬೇಕಿತ್ತು?” ಮೈತ್ರಿ ಮತ್ತೆ ಕೇಳಿದಳು.

“ಅದು... ಮೇಡಂ... ನಿನ್ನೆ ಬರೆದಿದೀರಲ್ಲ. ನಾಯಕಿಯ ಮದುವೆಗೆ ಮೊದಲೇ ಅವಳ ವೈಧವ್ಯ ತೋರಿಸಿದ ನಿರ್ದೇಶಕರ ಎದೆಗಾರಿಕೆಗೆ ನಮಸ್ಕಾರ ಅಂತ.”

“ಹೌದು. ವರ್ಷಕ್ಕೊಮ್ಮೆ ಮನಸಾರೆ ಹೊಗಳೋ ಅವಕಾಶ ಸಿಗುತ್ತೆ. ಸಿಕ್ತು.”

“ಆ ಎದೆಗಾರಿಕೆ ನಿರ್ದೇಶಕರದ್ದಲ್ಲ ಮೇಡಂ. ನಂದು. ಭದ್ರಾವತಿ ಟಾಕೀಸಲ್ಲಿ ಶುಕ್ರವಾರ ರೀಲು ಹಿಂದುಮುಂದಾಯ್ತು.”

ಮೈತ್ರಿಯ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಆಗಿದ್ದು ಇಷ್ಟು. ಅದು ೧೯೯೮. ಹೊಸ ಚಿತ್ರ ಬಂದರೆ ಶಿವಮೊಗ್ಗಕ್ಕೂ ಭದ್ರಾವತಿಗೂ ಸೇರಿ ಒಂದೇ ಪ್ರಿಂಟು. ಶಿವಮೊಗ್ಗದಲ್ಲಿ ಆಟ ಒಂದು ಗಂಟೆ ಮೊದಲು ಶುರುವಾಗಬೇಕು. ಅಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಯಲ್ಲಿಟ್ಟುಕೊಂಡು ಇಬ್ಬರು ಬೈಕಿನವರು ಸರದಿಯಲ್ಲಿ ಭದ್ರಾವತಿಗೆ ಓಡಬೇಕು. ಶುಕ್ರವಾರ ಮದುವೆಯ ರೀಲು ಹೊತ್ತಿದ್ದ ಪುಟ್ಟಯ್ಯನ ಬೈಕು ಮಾಚೇನಹಳ್ಳಿಯಲ್ಲಿ ಮೊಳೆ ತುಳಿದು ಪಂಕ್ಚರ್ ಆಯಿತು. ಅವನು ಅಂಗಡಿಯೊಳಗೆ ಟೀ ಕುಡಿಯುತ್ತಾ ಕೂತಿದ್ದಾಗ, ಹಿಂದೆ ಬರುತ್ತಿದ್ದ ಗಣೇಶ ಅವನನ್ನು ನೋಡದೆ ದಾಟಿಹೋದ. ಗಣೇಶನ ಡಬ್ಬಿಯಲ್ಲಿ ಇದ್ದದ್ದು ವೈಧವ್ಯ.

ಮದುವೆಗಿಂತ ಮೊದಲು ವೈಧವ್ಯ ಭದ್ರಾವತಿ ತಲುಪಿತು!

“ಬಂದ ರೀಲನ್ನೇ ಹಾಕ್ಬಿಟ್ರಾ?”

“ಹಾಕ್ಬಿಟ್ಟೆ.”

“ನಿಮ್ಮ ಹೆಸರು?”

“ಚಂದ್ರಹಾಸ. ಟಾಕೀಸು ನಮ್ಮ ಸೋದರಮಾವಂದು. ಪ್ರೊಜೆಕ್ಟರ್ ನಾನೇ ನೋಡ್ಕೋತೀನಿ.”

ಆ ಹೆಸರು ಕೇಳಿದ್ದೇ ತಡ, ಮೈತ್ರಿಗೆ ಎಲ್ಲ ಅರ್ಥವಾದ ಹಾಗಾಯಿತು. ಮೂರು ತಿಂಗಳ ಹಿಂದೆ ಚಿತ್ರಸಮಾಜದವರು ತೋರಿಸಿದ ಉಕ್ಕಿನ ಕಾರ್ಖಾನೆಯ ಸಾಕ್ಷ್ಯಚಿತ್ರ ತೆಗೆದವನು ಇವನೇ. ಅವಳು ಬರೆದಿದ್ದಳು: “ಕುಲುಮೆ ಚೆನ್ನಾಗಿ ಅಭಿನಯಿಸಿದೆ. ಅದರ ಮುಂದೆ ನಿಂತು ಬೆಂದವರ ಮುಖ ಒಂದೂ ಕಾಣಲಿಲ್ಲ. ತೆಗೆದವರಿಗೆ ಮನುಷ್ಯರೆಂದರೆ ಹೆದರಿಕೆಯೋ ಏನೋ.”

“ಓಹೋ... ಸೇಡು ತೀರಿಸ್ಕೊಂಡ್ರಿ ಅನ್ನಿ.”

“ಸೇಡಾ? ಇಲ್ಲ ಮೇಡಂ, ನೀವು ಅಂತ ನಂಗೆ ಗೊತ್ತೇ ಇರ್ಲಿಲ್ಲ...”

“ಸಾಕು. ನನ್ನನ್ನ ಮಂಗ ಮಾಡಿ, ಅದನ್ನ ನೋಡೋಕೆ ಬೇರೆ ಬಂದಿದೀರಿ. ಹೋಗಿ.”

ಅವನು ನೀಲಿ ಛತ್ರಿಯನ್ನು ಮತ್ತೊಮ್ಮೆ ನೋಡಿ ಮೆಟ್ಟಿಲಿಳಿದು ಹೋದ.

ಒಳಕೋಣೆಯಿಂದ ಸಂಪಾದಕ ಗಂಗಾಧರಪ್ಪ ಕನ್ನಡಕ ಒರೆಸುತ್ತಾ ಬಂದರು.

“ಕೇಳಿಸ್ತಮ್ಮ. ಬೆಳಿಗ್ಗೆಯಿಂದ ಫೋನು ಬರ್ತಿರೋದೂ ಅದಕ್ಕೇ. ಶಿವಮೊಗ್ಗದಲ್ಲಿ ನೆಟ್ಟಗೆ ನೋಡಿದವರೆಲ್ಲ ನಗ್ತಿದಾರೆ. ಒಂದು ಕೆಲಸ ಮಾಡು. ಈ ಭಾನುವಾರ ಆ ಟಾಕೀಸಿನ ಹೆಸರು ಹಾಕಿ, ಪ್ರೇಕ್ಷಕರಿಗೆ ಮೋಸ ಅಂತ ಬರಿ. ತಪ್ಪು ಅವರ ತಲೆಗೆ ಹೋಗುತ್ತೆ, ನೀನು ಬಚಾವ್.”

“ಬರೆಯದಿದ್ರೆ?”

“ಅಂಕಣ ಇಲ್ಲ. ನಗೆಪಾಟಲಾದ ಅಂಕಣ ಯಾರು ಓದ್ತಾರೆ ಹೇಳು?”

ಅಂಕಣ ಇಲ್ಲ... ಆ ಒಂದು ಕಾಲಂಗೋಸ್ಕರ ಮೈತ್ರಿ ಎರಡು ಗಂಡುಗಳನ್ನು ವಾಪಸ್ಸು ಕಳಿಸಿದ್ದಳು. ಶಿವಮೊಗ್ಗದ ಟಾಕೀಸಿನವರು ಗುರುತು ಹಿಡಿದು ಕಾಫಿ ಕೊಡುತ್ತಾರೆ, ಕಾಫಿ ಕುಡಿದ ನಾಲಿಗೆಗೆ ನಿಜ ಹೇಳುವುದು ಕಷ್ಟ ಅಂತ, ಶುಕ್ರವಾರ ಶುಕ್ರವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಟಿಕೆಟು ಕೊಂಡು, ಮೂರನೇ ಸಾಲಿನಲ್ಲಿ ಕೂತು ನೋಡುತ್ತಿದ್ದಳು.

ಮನೆಯಲ್ಲೂ ಬಿಡುಗಡೆ ಇರಲಿಲ್ಲ. ಅಮ್ಮ ಜಯಶೀಲಾ ಸಾರಿಗೆ ಒಗ್ಗರಣೆ ಹಾಕುತ್ತಲೇ ಶುರುಮಾಡಿದರು.

“ಅಲ್ವೇ ಮಾರಾಯ್ತಿ, ಮದುವೆಗೆ ಮುಂಚೆ ವೈಧವ್ಯ ಬಂದ್ರೆ ಯಾರಿಗಾದ್ರೂ ಅನುಮಾನ ಬರಲ್ವಾ? ಪಕ್ಕದ ಮನೆ ಯಲ್ಲಮ್ಮನೂ ಕೇಳಿದ್ರು.”

“ಅಮ್ಮಾ, ಅದು ತಂತ್ರ ಅಂದ್ಕೊಂಡೆ.”

“ತಂತ್ರ, ಮಂತ್ರ. ಹೋಗಿ ಸರಿಯಾಗಿ ನೋಡ್ಕೊಂಡು ಬಾ.”

ಅಮ್ಮ ಹೇಳಿದ್ದು ನ್ಯಾಯವೇ. ಮಂಗಳವಾರ ಮೈತ್ರಿ ಶಿವಮೊಗ್ಗದಲ್ಲಿ ಅದೇ ಚಿತ್ರವನ್ನು ಸರಿಯಾದ ಕ್ರಮದಲ್ಲಿ ನೋಡಿದಳು.

ಆಕಳಿಕೆ ಬಂತು. ಮದುವೆಯ ದೃಶ್ಯದಲ್ಲಿ ಮುಂದಿನ ಸಾಲಿನವರು ಕಡಲೇಕಾಯಿ ಸಿಪ್ಪೆ ಬಿಡಿಸುತ್ತಿದ್ದರು. ಭದ್ರಾವತಿಯಲ್ಲಿ ಹಾಗಿರಲಿಲ್ಲ. ಪರದೆಯ ಮೇಲೆ ಎಲ್ಲರೂ ನಗುತ್ತಾ ಅಕ್ಷತೆ ಹಾಕುತ್ತಿದ್ದರೆ, ಕೆಳಗೆ ಕೂತವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹುಡುಗ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅವಳೂ ಅತ್ತಿದ್ದಳು.

‘ಹಾಗಾದ್ರೆ ನಾನು ಬರೆದಿದ್ದು ಸುಳ್ಳಾ? ಅತ್ತಿದ್ದು ಸುಳ್ಳಾ?’

ಉತ್ತರ ಬೇಕಿತ್ತು. ಬುಧವಾರ ಮ್ಯಾಟಿನಿ ಹೊತ್ತಿಗೆ ಅವಳು ಭದ್ರಾವತಿಯ ಟಾಕೀಸಿನ ಕಿರಿದಾದ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕೋಣೆಯ ಬಾಗಿಲು ತಟ್ಟಿದಳು.

ಚಂದ್ರಹಾಸನ ಕೈಯಲ್ಲಿದ್ದ ಖಾಲಿ ಡಬ್ಬಿ ಠಣ್ ಎಂದು ಕೆಳಗೆ ಬಿತ್ತು.

“ನಾನು ಮೈತ್ರಿ. ಬೈಯೋಕೆ ಬಂದಿಲ್ಲ, ಗಾಬರಿ ಆಗ್ಬೇಡಿ. ಟಾಕೀಸಿನ ಹೆಸರು ಹಾಕಿ ಬೈದು ಬರಿ, ಇಲ್ಲಾಂದ್ರೆ ಅಂಕಣ ಇಲ್ಲ ಅಂದಿದಾರೆ ಸಂಪಾದಕರು. ಅದಕ್ಕೆ ಮೊದ್ಲು ಒಂದೇ ಪ್ರಶ್ನೆ. ರೀಲು ಬರದಿದ್ರೆ ಏನು ಮಾಡ್ಬೇಕು ಅಂತ ನಿಯಮ?”

“ಕಾಯ್ಬೇಕು. ಜನ ಸೀಟು ಹರಿದ್ರೂ ಕಾಯ್ಬೇಕು.”

“ಮತ್ತೆ ಯಾಕೆ ಕಾಯ್ಲಿಲ್ಲ?”

ಅವನು ಬಗ್ಗಿ ಬಿದ್ದ ಡಬ್ಬಿ ಎತ್ತಿಕೊಂಡ. ಮೂಲೆಯಲ್ಲಿ ಡಬ್ಬಿ ಜೋಡಿಸುತ್ತಿದ್ದ ಪುಟ್ಟಯ್ಯನಿಗೆ ತಡೆಯಲಾಗಲಿಲ್ಲ.

“ಹೇಳ್ಬಿಡು ಮಾರಾಯ. ಪೇಪರಲ್ಲಿ ಟಾಕೀಸಿನ ಹೆಸರು ಬಂದ್ರೆ ಹಂಚಿಕೆದಾರರು ನಾಳೆಯಿಂದ ಪ್ರಿಂಟು ಕೊಡಲ್ಲ, ನಿಮ್ಮ ಮಾವ ನಿನ್ನನ್ನ ಮನೆಗೆ ಸೇರಿಸಲ್ಲ. ಇನ್ನೇನು ಮುಚ್ಚಿಡ್ತೀಯ? ನಾನು ಕೆಳಗೆ ಹೋಗಿರ್ತೀನಿ.”

ಪುಟ್ಟಯ್ಯ ಮೆಟ್ಟಿಲಿಳಿದ.

“ನಿಮ್ಮ ವಿಮರ್ಶೆ ಓದಿ ಒಂದು ವಾರ ಊಟ ಸೇರ್ಲಿಲ್ಲ,” ಚಂದ್ರಹಾಸ ನಿಧಾನವಾಗಿ ಹೇಳಿದ. “ಆಮೇಲೆ ಅನ್ನಿಸ್ತು, ಸರಿಯಾಗೇ ಬರೆದಿದಾರೆ. ನಂಗೆ ಮನುಷ್ಯರ ಮುಖ ನೋಡೋಕೆ ಬರ್ತಿರ್ಲಿಲ್ಲ. ಅಭ್ಯಾಸ ಮಾಡ್ಕೋಬೇಕು ಅಂತ ದಿನಾ ಈ ಕಿಂಡಿಯಿಂದ ಕೆಳಗೆ ಕೂತವರನ್ನ ನೋಡ್ತಾ ಬಂದೆ. ಯಾರು ಎಲ್ಲಿ ನಗ್ತಾರೆ, ಎಲ್ಲಿ ಅಳ್ತಾರೆ...”

“ಒಳ್ಳೇದೇ ಆಯ್ತು.”

“ಹಾಗೆ ನೋಡ್ತಾ ಇರುವಾಗ, ಪ್ರತಿ ಶುಕ್ರವಾರ ಮೂರನೇ ಸಾಲಲ್ಲಿ ಒಬ್ಬರು ಬರೋರು. ನೀಲಿ ಛತ್ರಿ. ಇಂಟರ್ವಲ್ಲಲ್ಲಿ ಎದ್ದು ಹಿಂದೆ ತಿರುಗಿದಾಗ ಅವರ ಮುಖ ನೋಡಿದ್ರೆ ಸಿನಿಮಾ ಹೇಗಿದೆ ಅಂತ ನಂಗೆ ಗೊತ್ತಾಗೋದು. ಹೆಸರು ಗೊತ್ತಿರ್ಲಿಲ್ಲ. ಮೊನ್ನೆ ರೀಲು ಬರ್ಲಿಲ್ಲ, ಪರದೆ ಬೆಳ್ಳಗಾಯ್ತು. ಶಿಳ್ಳೆ ಹೊಡೆದ್ರು, ಬೈದ್ರು, ಕಾದೆ. ಆಮೇಲೆ ಅವರು ಛತ್ರಿ ತಗೊಂಡು ಎದ್ದು ನಿಂತ್ರು.”

ಮೈತ್ರಿಗೆ ನೆನಪಾಯಿತು. ಬಸ್ಸಿಗೆ ಹೊತ್ತಾಯಿತೆಂದು ಅವಳು ಎದ್ದಿದ್ದಳು. ಅಷ್ಟರಲ್ಲಿ ಪರದೆ ಬೆಳಗಿತ್ತು... ಮತ್ತೆ ಕೂತಿದ್ದಳು.

“ಅವರು ಹೋಗಬಾರದು ಅನ್ನಿಸ್ತು. ಕೈಗೆ ಸಿಕ್ಕಿದ ರೀಲು ಹಾಕ್ಬಿಟ್ಟೆ.” ಅವನ ಧ್ವನಿ ಸಣ್ಣಗಾಯಿತು. “ಪೇಪರಲ್ಲಿ ಹೊಗಳಿಕೆ ನೋಡಿ ಯಾರೋ ಹಿರಿಯರಿಗೆ ಮೋಸ ಆಯ್ತಲ್ಲ ಅಂತ ಹೇಳೋಕೆ ಬಂದೆ. ಅಲ್ಲಿ ನೋಡಿದ್ರೆ ನೀವು. ನಂಗೆ ನಿಮ್ಮ ಮೇಲೆ...”

“ಬೇಡ,” ಮೈತ್ರಿ ಕೈ ಅಡ್ಡ ಹಿಡಿದಳು. “ಮುಂದಿನ ಮಾತು ಭಾನುವಾರದ ತನಕ ನಿಮ್ಮ ಹತ್ರಾನೇ ಇರ್ಲಿ. ನಾನಿನ್ನೂ ಬರೀಬೇಕು. ಟಾಕೀಸಿನವರ ಕಾಫಿ ಕುಡಿದ್ರೇ ನಿಜ ಬರೆಯೋದು ಕಷ್ಟ, ಇದು ಅದಕ್ಕಿಂತ ಜಾಸ್ತಿ ಆಯ್ತು.”

“ಟಾಕೀಸು ಬೇಡ, ನನ್ನ ಹೆಸರು ಹಾಕಿ ಬೈದು ಬರೀರಿ. ನಿಮ್ಮ ಅಂಕಣ ಉಳಿಯುತ್ತಲ್ಲ.”

“ಏನು ಬರೀಬೇಕು ಅಂತ ನಂಗೆ ಯಾರೂ ಹೇಳ್ಕೊಡಬೇಕಾಗಿಲ್ಲ,” ಎಂದು ಗದರಿ ಅವಳು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಮಾಚೇನಹಳ್ಳಿ ದಾಟುವಾಗ ಪಂಕ್ಚರ್ ಅಂಗಡಿ ಕಂಡು ಅವಳಿಗೆ ನಗು ಬಂತು. ಪಕ್ಕದಲ್ಲಿದ್ದ ಹೆಂಗಸು ತಾನೂ ನಕ್ಕಳು, ಯಾಕೆಂದು ಗೊತ್ತಿಲ್ಲದಿದ್ದರೂ.

ಶನಿವಾರ ಸಂಜೆ ಗಂಗಾಧರಪ್ಪ ಹಾಳೆ ಹಿಡಿದು ಗಟ್ಟಿಯಾಗಿ ಓದಿದರು.

“‘ಶಿವಮೊಗ್ಗದಲ್ಲಿ ಓಡುತ್ತಿರುವ ಚಿತ್ರ ಸಾಧಾರಣ. ಅದೇ ಚಿತ್ರ ಹೊರಗೊಂದು ಊರಿನಲ್ಲಿ ಒಂದೇ ಒಂದು ದಿನ ರೀಲು ಹಿಂದುಮುಂದಾಗಿ, ವೈಧವ್ಯ ಮೊದಲು ಮದುವೆ ಆಮೇಲೆ ಓಡಿತು. ನಾನು ಕಂಡದ್ದು ಅದನ್ನು. ನನ್ನ ಹೊಗಳಿಕೆ ನಿರ್ದೇಶಕರಿಂದ ವಾಪಸ್ಸು ಪಡೆದು, ಮಾಚೇನಹಳ್ಳಿಯಲ್ಲಿ ರೀಲಿನ ಬೈಕು ತಡೆದ ಒಂದು ಮೊಳೆಗೆ ಅರ್ಪಿಸುತ್ತಿದ್ದೇನೆ. ಮುಂದಾಗುವ ದುಃಖ ಗೊತ್ತಿದ್ದಾಗಲೇ ಇಂದಿನ ಸಂತೋಷದ ಬೆಲೆ ತಿಳಿಯುತ್ತದೆ ಎಂದು ಅದು ಕಲಿಸಿತು. ಜನ ಅತ್ತದ್ದು ನಿಜ. ನಾನು ಅತ್ತದ್ದೂ ನಿಜ.’ ...ಏನಮ್ಮ ಇದು? ಮೊಳೆಗೆ ನಮಸ್ಕಾರ ಹಾಕಿ ಪೇಪರ್ ನಡೆಸೋಕಾಗುತ್ತಾ?”

“ಅಂಕಣ ನಿಲ್ಲಿಸಿ ಸರ್. ಇದೊಂದನ್ನ ಮಾತ್ರ ಹಾಕಿ. ಕಂಡಿದ್ದು ಬಿಟ್ಟು ಬೇರೆ ಬರೆಯೋಕೆ ನಂಗೆ ಬರಲ್ಲ.”

ಗಂಗಾಧರಪ್ಪ ಮತ್ತೊಮ್ಮೆ ಓದಿದರು. ಮೊಳೆಯ ಹತ್ತಿರ ಬಂದಾಗ ಅವರ ಹೊಟ್ಟೆ ಕುಲುಕಿತು.

“ಹಾಕ್ತೀನಿ. ಮುಂದಿನ ವಾರದ್ದು ಬೇಗ ಕೊಡು.”

ಭಾನುವಾರ ಮ್ಯಾಟಿನಿಗೆ ಭದ್ರಾವತಿಯ ಟಾಕೀಸಿನ ಮುಂದೆ ಸಾಲು ರಸ್ತೆಗೆ ಬಂದಿತ್ತು. ಹೊರಗೊಂದು ಊರು ಯಾವುದೆಂದು ಊಹಿಸಲು ಜನರಿಗೆ ಎಷ್ಟು ಹೊತ್ತು ಬೇಕು? ಒಳಗಿನಿಂದ “ವೈಧವ್ಯದ ರೀಲು ಮೊದ್ಲು ಹಾಕಪ್ಪೋ” ಎಂಬ ಕೂಗು ಮೆಟ್ಟಿಲ ತನಕ ಕೇಳುತ್ತಿತ್ತು.

ಪ್ರೊಜೆಕ್ಟರ್ ಕೋಣೆಯಲ್ಲಿ ಚಂದ್ರಹಾಸ ಮದುವೆ, ವೈಧವ್ಯ ಎರಡೂ ಡಬ್ಬಿ ಹಿಡಿದು ಪೆಚ್ಚಾಗಿ ನಿಂತಿದ್ದ. ಬಾಗಿಲಲ್ಲಿ ನೀಲಿ ಛತ್ರಿ ಕಾಣಿಸಿತು.

“ನೀವೇ ಹೇಳಿ, ಯಾವುದು ಹಾಕ್ಲಿ?”

“ಇರೋ ಕ್ರಮದಲ್ಲೇ ಹಾಕಿ. ಬಂದವರಿಗೆಲ್ಲ ಕಥೆ ಮೊದಲೇ ಗೊತ್ತು. ನೋಡ್ತಿರಿ.”

ಅವನು ಹಾಕಿದ. ಇಬ್ಬರೂ ಒಂದೇ ಕಿಂಡಿಯಿಂದ ಬಗ್ಗಿ ನೋಡಿದರು. ಮದುವೆಯ ದೃಶ್ಯ ಬಂತು. ಕೂಗುತ್ತಿದ್ದವರೆಲ್ಲ ತಣ್ಣಗಾದರು. ಮೂರನೇ ಸಾಲಿನ ಅಜ್ಜಿಯೊಬ್ಬರು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು.

“ನೀವು ಬರೆದಿದ್ದು ಸರಿ,” ಅವನು ಪಿಸುಗುಟ್ಟಿದ.

“ನಂಗೊತ್ತು.” ಅವಳು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. “ಬುಧವಾರ ಒಂದು ಮಾತು ಅರ್ಧಕ್ಕೆ ನಿಂತಿತ್ತು.”

“ನಿಮ್ಮ ಮೇಲೆ ಪ್ರೀತಿ ಇದೆ ಮೈತ್ರಿ... ಅವರೇ.”

“ಆ ‘ಅವರೇ’ ಕತ್ತರಿಸಬಹುದಿತ್ತು. ಉಳಿದಿದ್ದು ಚೆನ್ನಾಗಿದೆ.”

ಅವನ ಮುಖ ಅರಳಿತು. “ಅಂದ್ರೆ... ನಿಮಗೂ?”

“ನಿಮ್ಮನ್ನ ಬೈದ ಮೇಲೆ ಎರಡು ದಿನ ನಂಗೂ ಊಟ ಸೇರ್ಲಿಲ್ಲ. ಇನ್ನೂ ಏನು ಹೇಳ್ಬೇಕು ಮಾರಾಯ್ರೇ?”

ಅವನು ನಕ್ಕ. “ನಮ್ಮದೂ ರೀಲು ಹಿಂದುಮುಂದೇ ಆಯ್ತು ನೋಡಿ. ಜಗಳ ಮೊದಲು, ಪರಿಚಯ ಆಮೇಲೆ. ಮದುವೆ ರೀಲು ಯಾವಾಗ ಬರುತ್ತೋ?”

ಮೈತ್ರಿ ಈಗ ಅವನ ಕಡೆ ತಿರುಗಿದಳು. ಕೆನ್ನೆ ಕೆಂಪಾಗಿತ್ತು, ಮಾತು ಮಾತ್ರ ಎಂದಿನಂತೆ ನೆಟ್ಟಗಿತ್ತು.

“ಅದು ತಾನಾಗೇ ಬರಲ್ಲ. ಶಿವಮೊಗ್ಗದಲ್ಲಿದೆ, ವಿದ್ಯಾನಗರದಲ್ಲಿ. ಅಪ್ಪ ಅಮ್ಮ ಇಟ್ಕೊಂಡಿದಾರೆ. ನೀವೇ ಬಂದು ಕೇಳಿ ತಗೊಂಡು ಹೋಗ್ಬೇಕು.”

“ನಾಳೆನೇ ಬರ್ತೀನಿ.”

“ಪುಟ್ಟಯ್ಯನ ಬೈಕಲ್ಲಿ ಬರ್ಬೇಡಿ,” ಎಂದಳು ಮೈತ್ರಿ. “ಬಸ್ಸಿಗೆ ಬನ್ನಿ. ಈ ಸಲ ನಂಗೆ ಕಾಯೋಕಾಗಲ್ಲ.”