ಬಿಳಿ ಗೂಟದ ಆಚೆಗೆ

ಡಿಸೆಂಬರ್ 8, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಖಾನಾಪುರ ಠಾಣೆಗೆ ಬಂದ ಪಂಢರಿನಾಥ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವನ ಹೆಂಡತಿ ಕುಂದಾ ಹಿಂದಿನ ಸಂಜೆ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಜಾಂಬೋಟಿ ಹತ್ತಿರದ ತಮ್ಮ ಗದ್ದೆಯಲ್ಲಿ ಎಚ್ಚರ ತಪ್ಪಿ ಬಿದ್ದವಳಿಗೆ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಬದುವಿನ ಮೇಲೆ ಕಾಲು ಜಾರಿದೆ ಎಂದು ಗದ್ದೆಯ ಪಕ್ಕದ ರೆಸಾರ್ಟಿನವರು ಕೇಳುವ ಮೊದಲೇ ಠಾಣೆಗೆ ಫೋನು ಮಾಡಿ ಹೇಳಿದ್ದರು. ಠಾಣೆಯಲ್ಲಿ ಅಸ್ವಾಭಾವಿಕ ಮರಣ ಎಂದು ದಾಖಲಾಗಿತ್ತು. ಬಡವರ ಮನೆಯ ಅಂಥ ಪ್ರಕರಣ ಮುಚ್ಚಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

"ಕುಂದರ್ರಿ ಮೊದಲ," ಎಂದಳು ಇನ್ಸ್‌ಪೆಕ್ಟರ್ ನಾಗರತ್ನಾ.

"ಕುಂದ್ರಾಕ ಬಂದಿಲ್ರಿ ಮೇಡಂ. ಆಕಿ ಜಾರಿ ಬಿದ್ದಿಲ್ಲ."

"ಹೆಂಗ ಹೇಳ್ತೀರಿ?"

"ಜಾರಿ ಬಿದ್ದಾಕಿ ಹಂಗ ಮಲಗಿರ್ತಾಳೇನ್ರಿ? ಎಡಮಗ್ಗಲಾಗಿ ಮಲಗಿದ್ಲು. ಮೊಣಕಾಲು ಮಡಚಿತ್ತು. ಒಂದು ಕೈ ಗಲ್ಲದ ಕೆಳಗ. ಸೆರಗು ಸುತ್ತಿ ತಲಿ ಕೆಳಗ ಇಟ್ಟಿತ್ತು. ಯಾರೋ ಮಲಗಿಸ್ಯಾರ್ರಿ ಆಕಿನ್ನ."

ಹೆಡ್ ಕಾನ್‌ಸ್ಟೇಬಲ್ ಈರಣ್ಣ ಬರೆಯುತ್ತಿದ್ದವನು ತಲೆ ಎತ್ತಿದ.

"ನೀವು ನೋಡಿದ್ದು ಯಾವಾಗ?"

"ಭತ್ತ ಬಡಿಯೋ ರಾಶಿ ಮಷಿನ್ ಹೇಳಾಕ ಬೆಳಿಗ್ಗೆನ ಜಾಂಬೋಟಿಗೆ ಹೋಗಿದ್ನಿ. ತಿರುಗಿ ಬರೂದ್ರಾಗ ಮಧ್ಯಾಹ್ನ ಆಗಿತ್ತು. ನಾನು..." ಪಂಢರಿನಾಥ ಮೇಜಿನ ಅಂಚು ಹಿಡಿದುಕೊಂಡ. "ದಣದಾಳ, ಮಲಕೊಳ್ಳಲಿ ಅಂತ ಎಬ್ಬಿಸಲಿಲ್ರಿ. ಬಾಜೂಕ ಕುಂತು ಭಾಕರಿ ತಿಂದ್ನಿ. ಒಂದಿಷ್ಟು ಪೆಂಡಿ ಕಟ್ಟಿದ್ನಿ. ಆಮ್ಯಾಲೆ ಕರದ್ನಿ. ಏಳಲಿಲ್ಲ."

ಈರಣ್ಣ ಅಷ್ಟನ್ನೂ ಬರೆದುಕೊಂಡ. ಪಂಢರಿನಾಥ ಮುಂದುವರಿಸಿದ.

"ಊರಾಗ ಒಂದೊಂದು ಬಾಯಿ ಒಂದೊಂದು ಮಾತು ಆಗೇತ್ರಿ. ಯಾವ ಗಂಡಸು ಮಲಗಿಸಿದ, ಯಾತಕ್ಕ ಮಲಗಿಸಿದ ಅಂತ. ಸತ್ತಾಕಿ ಎದ್ದು ಬಂದು ಉತ್ತರ ಕೊಡ್ತಾಳೇನು? ಮಲಗಿಸಿದಾಂವ ಯಾರು ಅಂತ ನನಗ ಹೇಳ್ರಿ. ಅಷ್ಟ ಸಾಕು."

ನಾಗರತ್ನಾ ಅವನ ಹೇಳಿಕೆಗೆ ಸಹಿ ಹಾಕಿಸಿಕೊಂಡು ಜೀಪು ಹತ್ತಿದಳು.

ಮಧ್ಯಾಹ್ನ ಬೆಳಗಾವಿಯ ಶವಾಗಾರದ ಹೊರಗೆ ಮರಣೋತ್ತರ ಪರೀಕ್ಷೆ ಮಾಡಿದ ಡಾ. ಪೂರ್ವಾ ಕೈ ಒರೆಸಿಕೊಳ್ಳುತ್ತ ಬಂದಳು. ಮೈಮೇಲೆ ಯಾರೂ ಕೈಮಾಡಿದ ಗುರುತಿಲ್ಲ ಎಂದು ಅವಳು ಮೊದಲೇ ಹೇಳಿದಳು. ಊರಿನ ಕೊಳಕು ಬಾಯಿಗಳಿಗೆ ಇಷ್ಟು ಸಾಕಾಗಬೇಕಿತ್ತು. ಆದರೆ ಊರ ಬಾಯಿಗೆ ಮುಚ್ಚಳ ಮಾಡುವ ಕುಂಬಾರ ಇನ್ನೂ ಹುಟ್ಟಿಲ್ಲ.

"ಬಲಗಿವಿ ಹಿಂದ ಪೆಟ್ಟು ಬಿದ್ದದ. ಕಲ್ಲಲ್ಲ, ಬದುವಲ್ಲ. ದುಂಡಗಿನ ಸಣ್ಣ ವಸ್ತು, ಜೋರಾಗಿ ಬಂದು ಬಡದದ. ಚರ್ಮದ ಮ್ಯಾಲೆ ಜೇನುಹುಟ್ಟಿನಂಗ ಗುಳಿ ಗುಳಿ ಗುರುತು ಅವ. ಅಲ್ಲಿ ಬಾಜೂಕ ಗಾಲ್ಫ್ ಮೈದಾನ ಅದಲ್ಲ?"

"ಅದ. ಮತ್ತ ಆ ಮಲಗಿಸಿದ್ದು?"

"ಹಂಗ ಮಲಗಿಸೋದನ್ನ ನಾವು ಹುಡುಗರಿಗೆ ಕಲಿಸ್ತೀವಿ. ಎಚ್ಚರ ತಪ್ಪಿದವರ ನಾಲಿಗಿ ಹಿಂದಕ್ಕ ಬಿದ್ದು ಉಸಿರು ಕಟ್ಟಬಾರದು ಅಂತ. ಗೊತ್ತಿದ್ದವರ ಕೈ ಅದು, ಮೇಡಂ."

"ಆಕಿ ಉಳೀತಿದ್ಲಾ?"

"ರಕ್ತ ನಿಧಾನಕ್ಕ ತುಂಬ್ಯದ. ಪೆಟ್ಟು ಬಿದ್ದ ಕೂಡಲೇ ತಂದಿದ್ರ ಉಳಿಯೋ ಸಾಧ್ಯತಾ ಬಾಳ ಇತ್ತು."

ನಾಗರತ್ನಾಳ ಅಂಗಾಲಿನ ಉರಿ ನೆತ್ತಿಗೇರಿತು. ಚೆಂಡು ತಾಗುವುದು ಅಪಘಾತವಿರಬಹುದು. ಆದರೆ ಬಿದ್ದವಳ ಬಳಿಗೆ ಒಬ್ಬ ಬಂದಿದ್ದಾನೆ, ಏನಾಗಿದೆ ಎಂದು ತಿಳಿದಿದ್ದಾನೆ, ನಾಜೂಕಾಗಿ ಮಗ್ಗುಲಿಗೆ ಮಲಗಿಸಿದ್ದಾನೆ, ಎದ್ದು ಹೋಗಿದ್ದಾನೆ. ಕಲಿತ ವಿದ್ಯೆಯನ್ನು ಅರ್ಧಕ್ಕೆ ಬಳಸಿ ಕೈ ತೊಳೆದುಕೊಂಡವನನ್ನು ಹುಡುಕಬೇಕಿತ್ತು.

ಸಂಜೆ ನಾಲ್ಕಕ್ಕೆ ಸ್ಥಳ ಪಂಚನಾಮೆ ನಡೆಯಿತು. ಗದ್ದೆಯಲ್ಲಿ ಕೊಯ್ದ ಭತ್ತ ಹರಡಿಕೊಂಡಿತ್ತು. ಕುಂದಾ ಮಲಗಿದ್ದ ಜಾಗದಲ್ಲಿ ಅದು ಒತ್ತಿಹೋಗಿತ್ತು. ಅಲ್ಲಿಂದ ಒಂದು ಕೂಗಿನಷ್ಟು ದೂರದಲ್ಲಿ ಲಂಟಾನದ ಬೇಲಿ, ಬೇಲಿಯಲ್ಲಿ ಮನುಷ್ಯ ನುಸುಳುವಷ್ಟು ಕಿಂಡಿ, ಆಚೆಗೆ ಸಾಲಾಗಿ ನೆಟ್ಟ ಬಿಳಿ ಗೂಟಗಳು. ಗೂಟದಾಚೆ ಕಣ್ಣು ಕುಕ್ಕುವ ಹಸಿರು ಹುಲ್ಲು.

"ಭತ್ತ ಬೆಳಿಯೋ ನೆಲದಾಗ ಹುಲ್ಲು ಬೆಳದು, ಅದರ ಮ್ಯಾಲೆ ಅಡ್ಡಾಡಾಕ ರೊಕ್ಕ ಇಸಗೋತಾರಲ್ರಿ ಮೇಡಂ. ದನ ಬಿಟ್ರ ಒಂದು ದಿನದಾಗ ಚೊಕ್ಕ ಮಾಡ್ತಾವು," ಎಂದ ಈರಣ್ಣ.

ರೆಸಾರ್ಟಿನ ಮ್ಯಾನೇಜರ್ ಅಜಿಂಕ್ಯ ಮೂರು ಸಲ ಚಹಾ ಹೇಳಿದ. ಮೂರು ಸಲವೂ ನಾಗರತ್ನಾ ಬೇಡವೆಂದಳು. ಭಾನುವಾರ ಕಪ್ ಪಂದ್ಯವಿತ್ತು. ಅತಿ ಕಡಿಮೆ ಹೊಡೆತದಲ್ಲಿ ಚೆಂಡನ್ನು ಎಲ್ಲ ಹೋಲ್‌ಗಳಿಗೆ ಹಾಕಿದವನಿಗೆ ಕಪ್. ಒಟ್ಟು ಹದಿನೆಂಟು ಹೋಲ್ ಆಡಿದ್ದರು, ಗದ್ದೆಯ ಮಗ್ಗುಲಿನದು ಐದನೇ ಹೋಲ್.

"ಬಿಳಿ ಗೂಟ ಯಾತಕ್ಕ?"

"ಅದು ಹದ್ದು ಮೇಡಂ. ಚೆಂಡು ಅದನ್ನ ದಾಟಿದ್ರ ಔಟ್. ಮೊದಲಿನ ಜಾಗಕ್ಕ ಬಂದು ಮತ್ತ ಹೊಡೀಬೇಕು. ಲೆಕ್ಕದಾಗ ಎರಡು ಹೊಡೆತ ಹೋದಂಗ. ಆದ್ರ ನಿನ್ನೆ ಅಲ್ಲಿ ಯಾರ ಚೆಂಡೂ ದಾಟಿಲ್ಲ."

"ನಾನು ಕೇಳೇ ಇಲ್ಲಲ್ಲ ಅದನ್ನ."

ಅಜಿಂಕ್ಯ ಕೊರಳಪಟ್ಟಿ ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

"ಆಡಿದವರಾಗ ಡಾಕ್ಟರ್ ಯಾರ‍್ಯಾರು?"

"ಇಬ್ಬರು. ಒಬ್ಬರು ಕಾಲುಳುಕಿ ಎರಡನೇ ಹೋಲ್‌ನಾಗ ಆಟ ಬಿಟ್ರು. ಇನ್ನೊಬ್ಬರು ಸದಾಶಿವನಗರದ ಸುಮಿತ ಸರ್, ಎಲುಬಿನ ಡಾಕ್ಟರ್. ಸರ್ ಅಂಥವರಲ್ಲ ಮೇಡಂ."

"ಅವರ ಚೀಲ ಹೊತ್ತಾಂವ ಯಾರು?"

ರಾತ್ರಿ ಊಟದ ಹೊತ್ತಿಗೆ ಬೆಳಗಾವಿಯ ದೊಡ್ಡವರೊಬ್ಬರ ಫೋನು ಬಂತು. ನೂರಾರು ಮಂದಿಗೆ ಕೆಲಸ ಕೊಟ್ಟ ಜಾಗ, ಹೆಸರು ಕೆಡಬಾರದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಹಾಗೆ ನೋಡಿಕೊಳ್ಳಿ ಎಂದರು.

"ಸತ್ತಿದ್ದು ಹಾವಲ್ರಿ ಸಾಹೇಬ್ರ, ಹೆಣ್ಣುಮಗಳು," ಎಂದು ನಾಗರತ್ನಾ ಫೋನಿಟ್ಟಳು.

ಮರುದಿನ ಬೆಳಿಗ್ಗೆ ಏಳಕ್ಕೆ ಅವಳು ಸುಮಿತನ ಚೀಲ ಹೊತ್ತಿದ್ದ ತಮ್ಮಣ್ಣನನ್ನು ಐದನೇ ಹೋಲ್ ಆರಂಭವಾಗುವಲ್ಲಿ ನಿಲ್ಲಿಸಿಕೊಂಡಳು. ತಮ್ಮಣ್ಣನಿಗೆ ಐವತ್ತರ ಆಸುಪಾಸು. ರೆಸಾರ್ಟು ಆದಾಗಿನಿಂದ ಆಟಗಾರರ ಚೀಲ ಹೊರುವವನು. ನೆಲ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

"ಸುಮಿತ ಡಾಕ್ಟರ್ ಇಲ್ಲಿಂದ ಹೊಡದ ಚೆಂಡು ಎತ್ತ ಹೋತು?"

"ಮುಂದ ಹೋತ್ರಿ."

"ಮುಂದ ಎಲ್ಲಿ?"

"ನೆನಪಿಲ್ರಿ."

"ಕುಂದಾ ಗೊತ್ತಿದ್ಲಾ ನಿನಗ?"

"ನಮ್ಮ ಓಣಿಯಾಕಿನ ರೀ."

"ಹಂಗಾರ ಆಕಿ ಗಂಡನ ಮುಂದ ಹೋಗಿ ನೆನಪಿಲ್ಲ ಅನ್ನು. ನಡಿ, ಈಗ ಹೋಗೂಣು."

ಅವನು ಅಲ್ಲೇ ಕುಕ್ಕರಿಸಿದ. ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಬಾಯಿ ಬಿಚ್ಚಿತು.

"ಚೆಂಡು ಬಲಕ್ಕ ಹೊಳ್ಳಿ ಬೇಲಿ ದಾಟಿತ್ರಿ. ಜೋಡಿ ಆಡತಿದ್ದ ಉಳಿದ ಮೂವರು ಎಡಕ್ಕ ಮುಂದ ಹೋಗಿದ್ರು. ಡಾಕ್ಟರ್ ನನಗ ಇಲ್ಲೇ ನಿಲ್ಲು ಅಂದು ಒಬ್ಬರೇ ಕಿಂಡಿಯಾಗ ಹಾದು ಹೋದ್ರು. ಬಾಳ ಹೊತ್ತು ಬರಲಿಲ್ಲ. ಆಮ್ಯಾಲೆ ಚೆಂಡು ಕೈಯಾಗ ಹಿಡಕೊಂಡು ಬಂದು, ಗೂಟದ ಒಳಗ ಹುಲ್ಲಿನ ಮ್ಯಾಲೆ ಇಟ್ರು. ಇಲ್ಲೇ ಇತ್ತು ಅಂದ್ರು."

"ನೀ ಏನಂದಿ?"

"ನಾವು ಏನೂ ಅನ್ನೂದಿಲ್ರಿ. ಸಾಹೇಬ್ರು ಕಾಲಿಂದ ಚೆಂಡು ಸರಿಸಿದ್ರ ನಾವು ಆಕಾಶ ನೋಡ್ತೀವಿ. ಅದ ಇಲ್ಲಿ ರಿವಾಜು. ಕಳ್ಳಾಟ ಅಂತ ತಿಳಿದ್ನಿ, ಅಷ್ಟ. ಅಲ್ಲಿ ಕುಂದಕ್ಕ ಬಿದ್ದಾಳಂತ ಖರೇನ ಗೊತ್ತಿರಲಿಲ್ರಿ."

ನಾಗರತ್ನಾ ಮೈದಾನದ ಮೇಲೆ ಕಣ್ಣಾಡಿಸಿದಳು. ಹೋಲ್ ತೋರಿಸುವ ಬಾವುಟಗಳನ್ನು ಎಣಿಸಿದಳು. "ಹೋಲ್ ಒಂಬತ್ತ ಅದಾವಲ್ಲ. ಹದಿನೆಂಟು ಆಡ್ಯಾರಂತ ಮ್ಯಾನೇಜರ್ ಹೇಳಿದ್ನಲ್ಲ?"

"ಎರಡು ಸುತ್ತು ಹಾಕ್ತಾರ್ರಿ. ಹದಿನಾಲ್ಕನೇದು ಅಂದ್ರೂ ಇದ."

"ಅಂದ್ರ ಅಂವ ಇಲ್ಲಿಗೆ ಮತ್ತ ಬಂದ?"

"ಬಂದ್ರು. ಎರಡು ತಾಸಿನ ಮ್ಯಾಲೆ."

"ಏನ್ ಮಾಡಿದ?"

"ಮೊದಲನೇ ಸಲ ದೊಡ್ಡ ಕೋಲು ತಗೊಂಡಿದ್ರು. ಎರಡನೇ ಸಲ ನಾ ಅದನ್ನ ಕೊಟ್ರ ಬ್ಯಾಡ ಅಂದು ಸಣ್ಣದು ಇಸಗೊಂಡ್ರು. ಬೇಲಿ ಕಡೆ ಹೋಗದಂಗ ಎಡಕ್ಕ ಹೊಡದ್ರು."

ಈರಣ್ಣನ ಪೆನ್ನು ನಿಂತುಬಿಟ್ಟಿತು. ಆ ಹೊತ್ತಿನಲ್ಲಿ ಕುಂದಾ ಬೇಲಿಯಾಚೆ ಉಸಿರಾಡುತ್ತಿದ್ದಳು. ನಾಗರತ್ನಾಳಿಗೆ ಆ ಹುಲ್ಲನ್ನೆಲ್ಲ ಬೂಟುಗಾಲಿನಿಂದ ಕಿತ್ತು ಹಾಕಬೇಕೆನಿಸಿತು. ಇಲಾಖೆ ಅದಕ್ಕೆ ಅನುಮತಿ ಕೊಡುವುದಿಲ್ಲ. ಅವಳು ತಮ್ಮಣ್ಣನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಲು ಅರ್ಜಿ ಬರೆಸಿದಳು. ಅಸ್ವಾಭಾವಿಕ ಮರಣ ಎಂದಿದ್ದುದನ್ನು ತೆಗೆದು ಎಫ್‌ಐಆರ್ ಹಾಕಿಸಿದಳು. ನಿರ್ಲಕ್ಷ್ಯದ ಕಲಮಿನ ಜೊತೆಗೆ, ಸಾಯಬಹುದೆಂದು ಗೊತ್ತಿದ್ದೂ ಸಾಯಲು ಬಿಟ್ಟದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಮು. ವಕೀಲರು ಅದನ್ನು ಕಿತ್ತುಹಾಕಲು ಹೊಡೆದಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ಹೊಡೆದಾಡಲಿ.

ಡಿಸೆಂಬರ್ 9ರ ಸಂಜೆ ಆರಕ್ಕೆ ಸದಾಶಿವನಗರದ ಮನೆಯಲ್ಲಿ ಡಾ. ಸುಮಿತ ಪೊಲೀಸರನ್ನು ನೋಡಿ ಏಕೆಂದು ಕೇಳಲಿಲ್ಲ. ಪಂಚರ ಎದುರು ಗಾಲ್ಫ್ ಚೀಲ ತೆರೆಸಿದರು. ತಮ್ಮಣ್ಣ ಹೇಳಿದ್ದ ಹಾಗೆಯೇ ನೀಲಿ ಶಾಯಿಯ ಗುರುತಿದ್ದ ಚೆಂಡು ಬದಿಯ ಜೇಬಿನಲ್ಲಿತ್ತು. ಅದನ್ನು ಲಕೋಟೆಯಲ್ಲಿ ಹಾಕಿ, ಪ್ರಯೋಗಾಲಯಕ್ಕೆಂದು ಮೊಹರು ಮಾಡಿದರು.

"ಆಕಿಗೆ ಬಡದ ಚೆಂಡಿನಿಂದನ ಆಟ ಮುಂದುವರಿಸಿದ್ರಾ?"

"ಹೋಲ್ ಮುಗಿಯೋತನಕ ಚೆಂಡು ಬದಲಿ ಮಾಡಂಗಿಲ್ಲ, ಮೇಡಂ."

ನಿಯಮವಂತೆ. ಈ ಮಹಾಶಯನಿಗೆ ಒಂದು ನಿಯಮ ಮಾತ್ರ ನೆನಪಿತ್ತು. ಈರಣ್ಣ ಹಲ್ಲು ಕಚ್ಚಿ ಗೋಡೆ ಕಡೆ ತಿರುಗಿದ.

ಬಂಧನದ ಕಾರಣಗಳನ್ನು ಓದಿ ಹೇಳಿ, ಸಹಿ ಪಡೆದು, ಅವನನ್ನು ಜೀಪಿಗೆ ಹತ್ತಿಸಿದರು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೂ ನಾಗರತ್ನಾ ಖಾನಾಪುರದ ದಾರಿಯಲ್ಲಿ ಕೇಳಿದಳು.

"ಯಾಕ?"

ಅವನು ರಸ್ತೆ ನೋಡುತ್ತಲೇ ಹೇಳಿದ. ಹನ್ನೊಂದು ವರ್ಷದಿಂದ ಆಡುತ್ತಿದ್ದ. ಒಮ್ಮೆಯೂ ಗೆದ್ದಿರಲಿಲ್ಲ. ಗೆಳೆಯರು ಅವನ ಸರದಿ ಬಂದಾಗಲೆಲ್ಲ ನಗುತ್ತಿದ್ದರು. ಅಂದು ನಾಲ್ಕು ಹೋಲ್ ಮುಗಿದಾಗ ಅವನೇ ಎಲ್ಲರಿಗಿಂತ ಮುಂದಿದ್ದ. ಹೆಂಗಸಿನ ನಾಡಿ ಸರಿಯಿತ್ತು, ಉಸಿರಾಟ ಸರಿಯಿತ್ತು. ಆಟ ಮುಗಿಸಿ ಫೋನು ಮಾಡಿದರಾಯಿತು ಅಂದುಕೊಂಡ. ಕೂಗಿದ್ದರೆ ಚೆಂಡು ಗೂಟ ದಾಟಿದ್ದು ಎಲ್ಲರಿಗೂ ತಿಳಿಯುತ್ತಿತ್ತು.

"ಎರಡನೇ ಸಲ ಬಂದಾಗ ನೋಡಿದ್ರಾ?"

"ಬೇಲಿ ಸಂದ್ಯಾಗ ನೋಡಿದೆ. ಹಂಗ ಇದ್ಲು. ಆಗ ಕರದ್ರ, ಇಷ್ಟೊತ್ತು ಯಾಕ ಕರೀಲಿಲ್ಲ ಅಂತ ಕೇಳ್ತಿದ್ರು."

"ಕಪ್ ಬಂತಾ?"

"ಇಲ್ಲ. ಎರಡನೇ ನಂಬರ್."

ಮರುದಿನ ನ್ಯಾಯಾಲಯ ಅವನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿತು. ನಾಗರತ್ನಾ ಅಲ್ಲಿಂದ ನೇರ ಪಂಢರಿನಾಥನ ಮನೆಗೆ ಹೋದಳು. ಪಡಸಾಲೆಯ ತುಂಬ ಊರವರು ಕೂತಿದ್ದರು. ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ, ಮಲಗಿಸಿದವನು ಯಾರು, ಯಾತಕ್ಕೆ ಮಲಗಿಸಿದ, ಎರಡನೇ ಸುತ್ತಿನಲ್ಲಿ ಏನು ಮಾಡಿದ ಎಂದೆಲ್ಲ ಹೇಳಿದಳು. ಒಂದಿಬ್ಬರು ತಲೆ ತಗ್ಗಿಸಿದರು. ತಗ್ಗಿಸಲಿ.

ಪಂಢರಿನಾಥ ಕೇಳಿದ್ದು ಒಂದೇ. "ಅಂವ ಮಲಗಿಸೂ ಮುಂದ ಆಕಿಗೆ ಎಚ್ಚರ ಇತ್ತೇನ್ರಿ?"

ಇರಲಿಲ್ಲ ಎಂದುಬಿಡುವುದು ಸುಲಭವಿತ್ತು. ಆದರೆ ಈ ಮನುಷ್ಯನಿಗೆ ಸುಳ್ಳು ಹೇಳಿದವರು ಆಗಲೇ ಸಾಕಷ್ಟು ಮಂದಿ ಆಗಿದ್ದರು.

"ಇತ್ತಂತ, ಜೀಪಿನ್ಯಾಗ ಅವನೇ ಹೇಳಿದ. ಕಣ್ಣು ತೆರೆದು ಅವನ ತೋಳು ಹಿಡದಿದ್ಲಂತ."

"ಅಂವ ಏನಂದ?"

"ಈಗ ಬರ್ತೀನಿ ಅಂದನಂತ."

ಪಂಢರಿನಾಥ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ಬಂದಿದ್ನಲ್ರಿ ಮತ್ತ, ಬೇಲಿತನಕ," ಎಂದ.